ಪದವಿನ ಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೂರಿಸಿದ್ದು

ಯಂತ್ರಕ್ಕಿಂತ ಮೊದಲು ನಮ್ಮಲ್ಲಿಗೆ ಬಂದದ್ದು ಒಂದು ಪಟ್ಟಿ. ಕೋಣೆಯ ತಾಪಮಾನ ಗಂಟೆಗೆ ಅರ್ಧ ಡಿಗ್ರಿಗಿಂತ ಜಾಸ್ತಿ ಏರುಪೇರು ಆಗಬಾರದು. ಗಾಳಿಯ ತೇವ ಶೇ. 60 ದಾಟಬಾರದು. ಅರ್ಥಿಂಗ್ 1 ಓಮ್‌ಗಿಂತ ಕಡಿಮೆ ಇರಬೇಕು. ನೆಲ ಅಲುಗಬಾರದು, ಸದ್ದು ಇರಬಾರದು, ಕರೆಂಟ್ ತಂತಿಗಳಿಂದ ಹುಟ್ಟುವ ಕಾಂತಕ್ಷೇತ್ರ ಹತ್ತಿರ ಸುಳಿಯಬಾರದು. ಕರೆಂಟ್ ಹೋಗಲೇಬಾರದು. ಉಪ್ಪಳದವರಾದ ನಮ್ಮ ಎಲೆಕ್ಟ್ರಿಷಿಯನ್ ಈ ಪಟ್ಟಿಯನ್ನು ಕೊನೆಯವರೆಗೆ ಓದಿ, ಮಡಚಿ ನನ್ನ ಕೈಗೆ ಕೊಟ್ಟು ಹೇಳಿದರು: “ಇದಕ್ಕೆ ಕೋಣೆ ಸಾಲದು ಮಾರಾಯ್ರೆ, ಬೇರೆ ಊರೇ ಬೇಕು.”

ಅವರು ಹೇಳಿದ್ದು ಸುಮ್ನೆ ತಮಾಷೆಗಲ್ಲ. ಕುಂಬಳೆ, ಕಾಸರಗೋಡು ಕಡೆಯ ನಕ್ಷೆ ನೋಡಿದರೆ ಸಾಕು. ಪಡುವಣಕ್ಕೆ ಕಡಲು. ಕಡಲಿಗೆ ಹತ್ತಿರವೇ ರೈಲು ಹಳಿ, ಅದರ ಮೇಲೆ 25,000 ವೋಲ್ಟಿನ ತಂತಿ. ಆಮೇಲೆ ರಾಷ್ಟ್ರೀಯ ಹೆದ್ದಾರಿ 66. ತಲಪಾಡಿಯಿಂದ ಚೆಂಗಳದವರೆಗೆ ಅದನ್ನು ಆರು ಪಥ ಮಾಡುವ ಕೆಲಸ ಆಗ ಜೋರಾಗಿ ನಡೆಯುತ್ತಿತ್ತು. ಇನ್ನೂ ಮೂಡಕ್ಕೆ ಬಂದರೆ ಮುರಕಲ್ಲಿನ ಪದವು, ಅಂದರೆ ಕೆಂಪು ಕಲ್ಲಿನ ಎತ್ತರದ ಬಯಲು, ಅಲ್ಲಲ್ಲಿ ಕಲ್ಲು ಕೊಯ್ಯುವ ಯಂತ್ರ. ಇದೆಲ್ಲದರ ಮೇಲೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲನ್ನು, ಅಂದರೆ 1 ನ್ಯಾನೋಮೀಟರನ್ನು, ಬಿಡಿಸಿ ತೋರಿಸುವ ಯಂತ್ರವನ್ನು ನಾವು ಇದರ ನಡುವೆ ಕೂರಿಸಬೇಕಿತ್ತು.

ನಾನು ಕಡಲ ಜೀವಿಗಳ ಮೇಲೆ ಕೆಲಸ ಮಾಡುವ ಒಂದು ಪ್ರಯೋಗಾಲಯದಲ್ಲಿ ತಾಂತ್ರಿಕ ಸಹಾಯಕ. ನೀರಿನ ಬಾಟಲಿ ತೊಳೆಯುವುದರಿಂದ ಹಿಡಿದು ಯಂತ್ರಗಳ ರಿಪೇರಿವರೆಗೆ ಎಲ್ಲವೂ ನನ್ನ ಪಾಲಿಗೆ ಬರುತ್ತದೆ. ಹಾಗಾಗಿ ಈ ಕೆಲಸವೂ ಬಂತು.

ಇಷ್ಟು ದುಬಾರಿ ಯಂತ್ರ ನಮಗೆ ಯಾಕೆ ಬೇಕಿತ್ತು ಅಂತ ತುಂಬ ಜನ ಕೇಳಿದ್ದಾರೆ. ಮೀನು, ಪಚ್ಚಿಲೆ, ಮರುವಾಯಿಯಂಥ ಚಿಪ್ಪುಜೀವಿಗಳನ್ನು ಕಣ್ಣಲ್ಲೇ ನೋಡಬಹುದಲ್ವಾ ಅಂತ. ನೋಡಬಹುದು. ಆದರೆ ಅವು ತಿನ್ನುವುದನ್ನು ನೋಡಲಿಕ್ಕಾಗುವುದಿಲ್ಲ. ನಮ್ಮ ಬೂತಾಯಿ ಮೀನಿಗೆ ಡಯಾಟಮ್ ಎಂಬ ಒಂಟಿ ಕೋಶದ ಪಾಚಿ ಮುಖ್ಯ ಆಹಾರ. ಅದರಲ್ಲೂ ಫ್ರಾಜಿಲೇರಿಯಾ ಓಶಿಯಾನಿಕಾ ಎಂಬ ಡಯಾಟಮ್ ಜಾಸ್ತಿ ಇದ್ದರೆ ಬೂತಾಯಿಯೂ ಜಾಸ್ತಿ ಸಿಗುತ್ತದೆ ಅಂತ ಪಶ್ಚಿಮ ಕರಾವಳಿಯ ಸಂಶೋಧಕರು 1950ರ ದಶಕದಲ್ಲೇ ಬರೆದಿದ್ದಾರೆ. ಡಯಾಟಮ್‌ಗೆ ಗಾಜಿನ ಚಿಪ್ಪು ಇರುತ್ತದೆ. ಸಿಲಿಕಾ ಚಿಪ್ಪು. ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ ಎರಡು ಭಾಗ, ಒಂದರ ಮೇಲೊಂದು ಕೂತಿರುತ್ತವೆ. ಆ ಚಿಪ್ಪಿನ ಮೇಲಿನ ಗೆರೆ, ತೂತುಗಳನ್ನು ಎಣಿಸಿಯೇ ಜಾತಿ ಯಾವುದು ಅಂತ ಹೇಳಬೇಕು.

ಕಷ್ಟ ಇರುವುದು ಅಲ್ಲೇ. ಸೂಡೋ-ನಿಟ್ಷಿಯಾ ಅಂತ ಒಂದು ಡಯಾಟಮ್ ಉಂಟು. ಉದ್ದ, ತೆಳು, ತುದಿಗೆ ತುದಿ ಸೇರಿಸಿ ಸರಪಳಿ ಕಟ್ಟುತ್ತದೆ. ಅದರ ಕೆಲವು ಜಾತಿಗಳು ಡೊಮೊಯಿಕ್ ಆಮ್ಲ ಎಂಬ ವಿಷ ಮಾಡುತ್ತವೆ, ಉಳಿದವು ಮಾಡುವುದಿಲ್ಲ. ನೀರು ಸೋಸಿ ತಿನ್ನುವ ಪಚ್ಚಿಲೆಯ ಮೈಯಲ್ಲಿ ಈ ವಿಷ ಸೇರಿಕೊಳ್ಳುತ್ತದೆ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್‌ನ ಪಚ್ಚಿಲೆ ತಿಂದು 100ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು, ಕೆಲವರು ಸತ್ತರು, ಬದುಕಿದ ಕೆಲವರಿಗೆ ನೆನಪೇ ಕೆಟ್ಟುಹೋಯಿತು. ನಮ್ಮ ಜಿಲ್ಲೆಯ ತೆಂಕು ಭಾಗದಲ್ಲಿ, ಪಡನ್ನ, ಚೆರುವತ್ತೂರು ಕಡೆ, ಹಿನ್ನೀರಲ್ಲಿ ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಬೆಳೆಸುವವರು ತುಂಬ ಜನ ಇದ್ದಾರೆ. ಹಾಗಾಗಿ ಯಾವ ಜಾತಿ ಇದೆ ಅಂತ ಗೊತ್ತಿರಬೇಕು. ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕದು ಬಿಡಿಸಿ ಕಾಣುವುದಿಲ್ಲ, ಬೆಳಕಿನ ಅಲೆಯ ಉದ್ದವೇ ಅಡ್ಡ ಬರುತ್ತದೆ. ಈ ಜಾತಿಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಚಿಕ್ಕ ತೂತುಗಳಲ್ಲಿದೆ. ಇಷ್ಟು ವರ್ಷ ಸ್ಯಾಂಪಲ್ ಕಟ್ಟಿಕೊಂಡು ಬೇರೆ ಊರಿನ ಯಂತ್ರಕ್ಕೆ ಹೋಗಿ, ಸರದಿ ಕಾದು, ಸಿಕ್ಕಷ್ಟು ಫೋಟೊ ತೆಗೆದುಕೊಂಡು ಬರುತ್ತಿದ್ದೆವು.

ನಾವು ತರಿಸಿದ್ದು ಫೀಲ್ಡ್ ಎಮಿಷನ್ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣವನ್ನು ಸ್ಯಾಂಪಲ್ ಮೇಲೆ ಓಡಿಸಿ ಚಿತ್ರ ಮಾಡುವ ಯಂತ್ರ. ಲ್ಯಾಬಿನಲ್ಲಿ ಎಲ್ಲರೂ ‘ಸೆಮ್’ ಅಂತಲೇ ಕರೆಯುತ್ತೇವೆ.

ಜಾಗದ ಪರೀಕ್ಷೆಗೆ ಬೆಂಗಳೂರಿನಿಂದ ಕಂಪನಿಯ ಎಂಜಿನಿಯರ್ ಬಂದದ್ದು ಜನವರಿಯಲ್ಲಿ. ನಾವು ತೋರಿಸಿದ ಕೋಣೆ ಮೊದಲ ಮಹಡಿಯಲ್ಲಿತ್ತು, ಗಾಳಿ ಬೆಳಕು ಚೆನ್ನಾಗಿತ್ತು, ಕಿಟಕಿಯಿಂದ ಕಡಲು ಕಾಣುತ್ತಿತ್ತು. ಅವರು ಒಳಗೆ ಕಾಲಿಡುವ ಮೊದಲೇ ಬೇಡ ಅಂದರು. ಮೇಲಿನ ಮಹಡಿಯ ಸ್ಲ್ಯಾಬ್ ನಡೆದರೂ ಅಲುಗುತ್ತದೆ. ಈ ಯಂತ್ರಕ್ಕೆ ನೆಲ ಮಹಡಿಯೇ ಆಗಬೇಕು, ಕಿಟಕಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಕೊನೆಗೆ ಅವರಿಗೆ ಇಷ್ಟ ಆದದ್ದು ಹಳೆಯ ಸಾಮಾನು ತುಂಬಿಟ್ಟಿದ್ದ ನೆಲ ಮಹಡಿಯ ಮೂಲೆ ಕೋಣೆ. ಅಲ್ಲಿ ನೆಲದ ಮೇಲೆ ಕಂಪನ ಅಳೆಯುವ ಸೆನ್ಸರ್ ಇಟ್ಟು, ಕಾಂತಕ್ಷೇತ್ರ ಅಳೆಯುವ ಮೀಟರ್ ಇಟ್ಟು, ನಮ್ಮನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಿದರು.

ಲ್ಯಾಪ್‌ಟಾಪ್ ಪರದೆಯ ಮೇಲೆ ಗೆರೆ ಓಡುತ್ತಿತ್ತು. ಹೊರಗೆ ವರಾಂಡದಲ್ಲಿ ನಿಂತು ನೋಡುವಾಗ ಊರೇ ಅದರಲ್ಲಿ ಕಾಣತೊಡಗಿತು. ಸಣ್ಣಗೆ ಏರಿ ಇಳಿದರೆ ಹೆದ್ದಾರಿಯ ಟಿಪ್ಪರ್. ಉದ್ದಕ್ಕೆ ಎದ್ದು ನಿಂತರೆ ಗೂಡ್ಸ್ ರೈಲು. ನಮಗೆ ರೈಲಿನ ಸದ್ದೇ ಕೇಳುವುದಿಲ್ಲ, ಅಷ್ಟು ದೂರ ಅದು. ಯಂತ್ರದ ಸೆನ್ಸರಿಗೆ ಮಾತ್ರ ಕೇಳುತ್ತಿತ್ತು. ಕಾಂತಕ್ಷೇತ್ರದ ಗೆರೆಯಲ್ಲೂ ರೈಲು ಸ್ವಲ್ಪ ಕಂಡಿತು. ತಂತಿಯಲ್ಲಿ ಹೋದ ಕರೆಂಟ್ ಹಳಿಯಲ್ಲಿ ವಾಪಸ್ ಬರುವಾಗ ಎರಡರ ನಡುವೆ ದೊಡ್ಡ ಸುತ್ತು ಉಂಟಾಗುತ್ತದೆ, ಅದರ ಕ್ಷೇತ್ರ ದೂರ ಹೋದ ಹಾಗೆ ಕಡಿಮೆಯಾಗುತ್ತದೆ. ನಮ್ಮ ದೂರ ಸಾಕು ಅಂದರು. ಅದೊಂದು ನೆಮ್ಮದಿ.

ಆದರೆ ಅವರು ಒಪ್ಪಿಗೆ ಕೊಡಲಿಲ್ಲ. ಜುಲೈಯಲ್ಲಿ ಇನ್ನೊಮ್ಮೆ ಅಳೆಯಬೇಕು ಅಂದರು. ನಮಗೆ ಆಶ್ಚರ್ಯ. ಕಾರಣ ಕಡಲು. ದೊಡ್ಡ ಅಲೆಗಳು ನೆಲವನ್ನು ತುಂಬ ನಿಧಾನವಾಗಿ ತೂಗುತ್ತವೆ, ಕೆಲವು ಸೆಕೆಂಡಿಗೆ ಒಮ್ಮೆ. ಕರಾವಳಿಯಿಂದ ಒಳಗೆ ಬಂದರೂ ಅದು ಇರುತ್ತದೆ. ಜನವರಿಯ ಕಡಲು ಸಾಧು, ಆಟಿಯ ಕಡಲು ಹಾಗಲ್ಲ, ಇದು ನಮಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಹೇಳಬೇಕಾಗಿದ್ದದ್ದು ಬೇರೆ: ಯಂತ್ರದ ಕೆಳಗೆ ಇಡುವ ಸಾಮಾನ್ಯ ಗಾಳಿ ಸ್ಪ್ರಿಂಗ್‌ಗಳು ವೇಗದ ಕಂಪನವನ್ನು ತಡೆಯುತ್ತವೆ, ಆದರೆ ತಮ್ಮದೇ ಲಯಕ್ಕೆ ಹತ್ತಿರದ ನಿಧಾನ ಕಂಪನವನ್ನು ಇನ್ನೂ ಜಾಸ್ತಿ ಮಾಡುತ್ತವೆ. ಹಾಗಾಗಿ ಮಳೆಗಾಲದ ಲೆಕ್ಕ ಸಿಕ್ಕದೆ ಯಾವ ಸ್ಪ್ರಿಂಗ್ ಅಂತ ನಿರ್ಧಾರ ಮಾಡುವ ಹಾಗಿಲ್ಲ. ಜುಲೈಯಲ್ಲಿ ಅವರು ಮತ್ತೆ ಬಂದು ಅಳೆದರು. ಕಂಪನ ಜಾಸ್ತಿಯೇ ಇತ್ತು. ಕಂಪನವನ್ನು ಅಳೆದು ಎದುರು ತಳ್ಳುವ ಆಕ್ಟಿವ್ ಪ್ಲಾಟ್‌ಫಾರ್ಮ್ ಬೇಕು ಅಂತ ಆಯಿತು. ಬಜೆಟ್ ಹಾಕಿದವರ ಮುಖ ಹೇಗಾಯಿತು ಅಂತ ಬರೆಯುವುದಿಲ್ಲ.

ನೆಲ ಅಗೆದು ಪ್ರತ್ಯೇಕ ಕಾಂಕ್ರೀಟ್ ದಿಂಡು ಹಾಕುವ ಕೆಲಸ ಬದಿಯಡ್ಕದ ಮೇಸ್ತ್ರಿಯೊಬ್ಬರದು. ಕಟ್ಟಡದ ನೆಲಕ್ಕೂ ಈ ದಿಂಡಿಗೂ ಎಲ್ಲೂ ತಾಗಬಾರದು, ಸುತ್ತ ಸಂದು ಬಿಟ್ಟು ಮೆತ್ತನೆಯ ಪಟ್ಟಿ ತುಂಬಬೇಕು. “ಮನೆಯೊಳಗೆ ಇನ್ನೊಂದು ಮನೆಯ ಪಂಚಾಂಗ” ಅಂತ ಅವರು ಆ ಅಡಿಪಾಯ ತೋರಿಸಿ ನಗುತ್ತಿದ್ದರು. ಗಟ್ಟಿ ಮುರಕಲ್ಲು ಸಿಗುವವರೆಗೆ ಅಗೆದು, ಅದರ ಮೇಲೆ ಕಾಂಕ್ರೀಟ್ ಹಾಕಿ, 28 ದಿನ ನೀರು ಹಾಕಿ ಹದ ಮಾಡಿದ್ದಾಯಿತು. ಸಂದಿನೊಳಗೆ ಒಂದು ಕಲ್ಲು ಚೂರು ಬಿದ್ದರೂ ಅದೇ ಸೇತುವೆಯಾಗಿ ಕಂಪನ ದಾಟುತ್ತದೆ ಅಂತ ಹೇಳಿದ ಮೇಲೆ ಅವರು ಪಟ್ಟಿ ತುಂಬುವ ಮೊದಲು ವ್ಯಾಕ್ಯೂಮ್ ಕ್ಲೀನರ್ ಕೇಳಿದರು. ಲ್ಯಾಬಿನದ್ದನ್ನೇ ಕೊಟ್ಟೆವು.

ಅರ್ಥಿಂಗ್ ಮಾತ್ರ ದೊಡ್ಡ ಕತೆ.

ಪದವಿನ ಮೇಲೆ ಅರ್ಥಿಂಗ್ ಮಾಡಿದವರಿಗೆ ಗೊತ್ತು, ಮುರಕಲ್ಲು ಕರೆಂಟನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ತೇವ ಇದ್ದಾಗ ಪರವಾಗಿಲ್ಲ ಅನ್ನಿಸುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿದರೆ ಮೀಟರ್ ಮೇಲೆ ಮೇಲೆ ಹೋಗುತ್ತದೆ. ಗುತ್ತಿಗೆದಾರರು ಎಲ್ಲೆಡೆ ಮಾಡುವ ಹಾಗೆ ಗುಂಡಿ ತೋಡಿ, ತಾಮ್ರದ ಪ್ಲೇಟ್ ಇಟ್ಟು, ಇದ್ದಿಲು ಉಪ್ಪು ತುಂಬಿಸಿದರು. 1 ಓಮ್‌ನ ಹತ್ತಿರಕ್ಕೂ ಬರಲಿಲ್ಲ. ಇನ್ನಷ್ಟು ಗುಂಡಿ, ಇನ್ನಷ್ಟು ತಾಮ್ರ. ಸ್ವಲ್ಪ ಇಳಿಯಿತು, ಅಷ್ಟೇ.

ಆಗ ಮೇಸ್ತ್ರಿ ತಮ್ಮ ಮಾವನನ್ನು ಕರೆತಂದರು. ಪ್ರಾಯದವರು, ಬಾಯಾರು ಕಡೆ ಸುರಂಗ ತೋಡುತ್ತಿದ್ದವರು. ಗೊತ್ತಿಲ್ಲದವರಿಗೆ ಹೇಳಬೇಕು: ನಮ್ಮ ಗುಡ್ಡಗಳಲ್ಲಿ ಬಾವಿಯ ಬದಲು ಗುಡ್ಡದ ಬದಿಗೆ ಅಡ್ಡಕ್ಕೆ ಸುರಂಗ ಕೊರೆದು ನೀರು ತೆಗೆಯುತ್ತಾರೆ. ಪಿಕ್ಕಾಸು ಹಿಡಿದು ಕತ್ತಲಲ್ಲಿ ಕೂತು ಮುಂದೆ ಮುಂದೆ ಹೋಗುವ ಕೆಲಸ ಅದು. ಮಣ್ಣಿನ ಪರಿಚಯ ಅವರಿಗೆ ಇರುವಷ್ಟು ಯಾರಿಗೂ ಇಲ್ಲ. ಅವರು ಕಟ್ಟಡದ ಸುತ್ತ ಒಂದು ಸುತ್ತು ಬಂದರು. ಹಿಂದಿನ ದರೆಯ ಬುಡದಲ್ಲಿ ಕೂತು ಮಣ್ಣು ಕೆರೆದು ಬೆರಳಲ್ಲಿ ತಿಕ್ಕಿದರು. ಕೆಂಪು ಕಡಿಮೆಯಾಗಿ ತಿಳಿ ಗುಲಾಬಿ, ಬಿಳಿ ಬಣ್ಣ ಕಾಣುತ್ತಿತ್ತು. “ಇಲ್ಲಿ ಕೆಳಗೆ ಶೇಡಿ ಉಂಟು. ಅದಕ್ಕೆ ಬೇಸಗೆಯೂ ಒಂದೇ, ಮಳೆಗಾಲವೂ ಒಂದೇ. ಒಣಗುವುದಿಲ್ಲ” ಅಂದರು.

ಮುರಕಲ್ಲಿನ ಅಡಿಯಲ್ಲಿರುವ ಜೇಡಿಯಂಥ ಮಣ್ಣೇ ಶೇಡಿ. ಮೇಲಿನ ಕಲ್ಲಿನಲ್ಲಿ ತೂತುಗಳಿರುವುದರಿಂದ ಮಳೆ ನೀರು ಇಳಿಯುತ್ತದೆ, ಶೇಡಿಯಲ್ಲಿ ನಿಲ್ಲುತ್ತದೆ. ಸುರಂಗಕ್ಕೆ ನೀರು ಬರುವುದೂ ಇದರಿಂದಲೇ. ದರೆಯ ಬುಡದಲ್ಲಿ ಬೋರ್ ಕೊರೆದು, ಶೇಡಿಯೊಳಗೆ ಆಳಕ್ಕೆ ತಾಮ್ರದ ರಾಡ್‌ಗಳನ್ನು ಇಳಿಸಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿ, ಎಲ್ಲವನ್ನೂ ದಪ್ಪ ತಾಮ್ರದ ಪಟ್ಟಿಯಲ್ಲಿ ಜೋಡಿಸಿದರು. ಮೀಟರ್ 1 ಓಮ್‌ನ ಕೆಳಗೆ ಬಂತು. ಮುಂದಿನ ಏಪ್ರಿಲ್‌ನಲ್ಲಿ ಅಳೆದಾಗಲೂ ಮೇಲೆ ಹೋಗಿರಲಿಲ್ಲ. ಪ್ರಾಜೆಕ್ಟ್ ವರದಿಯಲ್ಲಿ ಇದಕ್ಕೆ ‘ಕೆಮಿಕಲ್ ಅರ್ಥಿಂಗ್’ ಅಂತ ಒಂದು ಸಾಲು ಉಂಟು. ಆ ಅಜ್ಜನ ಹೆಸರು ಬರೆಯುವ ಕಾಲಂ ಇರಲಿಲ್ಲ.

ತೇವದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪುಸ್ತಕದ ಮೇಲೂ ಬೂಸ್ಟು ಬರುತ್ತದೆ. ಎಸಿ, ಡಿಹ್ಯುಮಿಡಿಫೈಯರ್ ಹಾಕಿದರೆ ಕೋಣೆ ಸರಿಯಾಗುತ್ತದೆ. ಯಾರೂ ಯೋಚಿಸದೆ ಇದ್ದದ್ದು ಪೈಪ್. ಯಂತ್ರದ ಲೆನ್ಸ್‌ಗಳೆಂದರೆ ತಾಮ್ರದ ಸುರುಳಿಗಳು, ಅವು ಬಿಸಿಯಾಗುತ್ತವೆ. ಅವಕ್ಕೆ ನೀರು ತಣ್ಣಗೆ ಮಾಡುವ ಚಿಲ್ಲರ್‌ನಿಂದ ಸುಮಾರು 20 ಡಿಗ್ರಿಯ ನೀರು ಹರಿಯುತ್ತಲೇ ಇರಬೇಕು. ಚಿಲ್ಲರ್ ಸದ್ದು ಮಾಡುವುದರಿಂದ ಅದು ಹೊರಗೆ. ಮಳೆಗಾಲದಲ್ಲಿ ನಮ್ಮ ಹೊರಗಿನ ಗಾಳಿ 24, 25 ಡಿಗ್ರಿಗೆ ತಣಿದರೇ ಸಾಕು, ನೀರು ಬಿಡುತ್ತದೆ. ಹಾಗಾಗಿ 20 ಡಿಗ್ರಿಯ ಪೈಪ್ ದಿನವಿಡೀ ಬೆವರುತ್ತದೆ, ತೊಟ್ಟಿಕ್ಕುತ್ತದೆ. ಅದೂ ಕರೆಂಟ್ ಕೇಬಲ್ ಇರುವ ಟ್ರೇ ಮೇಲೆಯೇ! ಬೆಂಗಳೂರಿನ ಡ್ರಾಯಿಂಗ್‌ನಲ್ಲಿ ಪೈಪಿಗೆ ಹೊದಿಕೆಯೇ ಇರಲಿಲ್ಲ. ದಪ್ಪ ಫೋಮ್ ಹೊದಿಕೆ ಹಾಕಿಸಿ, ಜೋಡಣೆಗಳಿಗೆಲ್ಲ ಟೇಪ್ ಸುತ್ತಿಸಿ, ಕೇಬಲ್ ಟ್ರೇಯನ್ನು ಇನ್ನೊಂದು ಗೋಡೆಗೆ ಸಾಗಿಸಿದೆವು. ಉಪ್ಪುಗಾಳಿಗೆ ಚಿಲ್ಲರಿನ ಅಲ್ಯುಮಿನಿಯಂ ರೆಕ್ಕೆಗಳು ಪುಡಿಯಾಗದಂತೆ ಲೇಪ ಹಾಕಿದ ಮಾದರಿಯನ್ನೇ ತರಿಸಿದೆವು. ಕಡಲ ಬದಿ ಮನೆಗಳ ಎಸಿಗೆ ಏನಾಗುತ್ತದೆ ಅಂತ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯಂತ್ರ ವಿಮಾನದಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಏರ್ ಸಸ್ಪೆನ್ಷನ್ ಲಾರಿಯಲ್ಲಿ ಹೊರಟಿತು. ಮಳೆಗಾಲ ಮುಗಿದ ಮೇಲೆಯೇ ಬರಲಿ ಅಂತ ನಾವು ಹಟ ಹಿಡಿದಿದ್ದೆವು. ಜುಲೈಯಲ್ಲಿ ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಹಾಸನ, ಸಕಲೇಶಪುರ, ಶಿರಾಡಿ, ಉಪ್ಪಿನಂಗಡಿ, ಮಂಗಳೂರು ದಾಟಿ, ತಲಪಾಡಿಯಲ್ಲಿ ಗಡಿ ದಾಟಿ ಲಾರಿ ಬಂತು. ಪೆಟ್ಟಿಗೆಗಳ ಮೇಲೆ ಪೆಟ್ಟು ಬಿದ್ದರೆ ಕೆಂಪಾಗುವ ಸ್ಟಿಕ್ಕರ್, ವಾಲಿದರೆ ತೋರಿಸುವ ಸ್ಟಿಕ್ಕರ್ ಇರುತ್ತವೆ. ಸಹಿ ಹಾಕುವ ಮೊದಲು ಒಂದೊಂದನ್ನೂ ಫೋಟೊ ತೆಗೆದೆವು. ಒಂದು ಪೆಟ್ಟಿಗೆಯಲ್ಲಿ ಮಾತ್ರ ಕೆಂಪು. ಎಲ್ಲರ ಎದೆ ಧಸಕ್ ಅಂದಿತು. ಬಿಚ್ಚಿ ನೋಡಿದರೆ ಅದರಲ್ಲಿದ್ದದ್ದು ಆಪರೇಟರ್ ಮೇಜು.

ಯಂತ್ರ ಬಾಗಿಲಲ್ಲಿ ಹಿಡಿಯಲಿಲ್ಲ. ಮೊದಲೇ ಗೊತ್ತಿತ್ತು. ಚೌಕಟ್ಟು ಕಿತ್ತು, ಪಕ್ಕದ ಮುರಕಲ್ಲಿನ ಸಾಲು ತೆಗೆದು, ಒಳಗೆ ಸೇರಿಸಿ ಮತ್ತೆ ಕಟ್ಟಿದರು.

ಆಮೇಲಿನ ಕೆಲಸ ಎಂಜಿನಿಯರ್‌ದು. ನಾನು ಕೈಗೆ ಸ್ಪ್ಯಾನರ್ ಕೊಡುವವನು. ಎಲೆಕ್ಟ್ರಾನ್‌ಗಳು ಗಾಳಿಯಲ್ಲಿ ದೂರ ಹೋಗಲಾರವು, ಗಾಳಿಯ ಅಣುಗಳಿಗೆ ಬಡಿದು ಚೆದುರುತ್ತವೆ. ಅದಕ್ಕೇ ಒಳಗೆಲ್ಲ ನಿರ್ವಾತ. ಸ್ಯಾಂಪಲ್ ಇಡುವ ಕೋಣೆಗೆ ಒಂದು ಮಟ್ಟದ್ದು, ಎಲೆಕ್ಟ್ರಾನ್‌ಗಳು ಹೊರಡುವ ಮೇಲಿನ ಗನ್‌ಗೆ ಇನ್ನೂ ಹೆಚ್ಚಿನದು. ಗನ್ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಲಕ್ಷ ಕೋಟಿಯಲ್ಲಿ ಒಂದು ಪಾಲು ಇರಬೇಕು. ಅಲ್ಲಿ ಟಂಗ್‌ಸ್ಟನ್ನಿನ ಒಂದು ಚೂಪು ಮೊನೆ ಇರುತ್ತದೆ, ಮೇಲೆ ಜಿರ್ಕೋನಿಯಂ ಆಕ್ಸೈಡ್. ಅದು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದಿರುತ್ತದೆ, ಹಗಲೂ ರಾತ್ರಿಯೂ. ನಾವು ಯಂತ್ರ ಬಳಸಲಿ, ಬಿಡಲಿ, ಅದು ಉರಿಯುತ್ತಲೇ ಇರಬೇಕು. ಕರೆಂಟ್ ಹೋಗಲೇಬಾರದು ಅಂತ ಪಟ್ಟಿಯಲ್ಲಿ ಬರೆದದ್ದು ಇದಕ್ಕೇ. ಗಾಳಿ ಮಳೆಗೆ ತೆಂಗಿನ ಮಡಲು ತಂತಿ ಮೇಲೆ ಬಿದ್ದರೆ ನಮ್ಮಲ್ಲಿ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ. ಯುಪಿಎಸ್, ಅದರ ಹಿಂದೆ ಜನರೇಟರ್, ನಿರ್ವಾತದ ಪಂಪ್‌ಗೆ ಬೇರೆಯೇ ಬ್ಯಾಟರಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಸರ್ಜ್, ಅಂದರೆ ವೋಲ್ಟೇಜ್ ಒಮ್ಮೆಲೇ ನುಗ್ಗುವುದನ್ನು, ತಡೆಯುವ ಸಾಧನ ಬೇರೆ.

ಗನ್ ಭಾಗವನ್ನು ರಾತ್ರಿಯಿಡೀ ಬಿಸಿ ಮಾಡಿ ಒಳಗಿನ ಲೋಹಕ್ಕೆ ಅಂಟಿಕೊಂಡ ತೇವವನ್ನೆಲ್ಲ ಹೊರಹಾಕುತ್ತಾರೆ. ಬೇಕ್ ಮಾಡುವುದು ಅನ್ನುತ್ತಾರೆ. ಆ ರಾತ್ರಿ ಎಂಜಿನಿಯರ್ ನಿರ್ವಾತದ ಅಂಕಿ ಇಳಿಯುವುದನ್ನು ಮೊಬೈಲ್‌ನಲ್ಲಿ ನೋಡುತ್ತಾ ನಮ್ಮ ಕ್ಯಾಂಟೀನಿನ ನೀರುದೋಸೆ ತಿಂದರು. ಬೆಳಿಗ್ಗೆ ಅಂಕಿ ಸರಿ ಇತ್ತು. ಮೊನೆಯನ್ನು ನಿಧಾನಕ್ಕೆ ಬಿಸಿ ಮಾಡಿ, ವೋಲ್ಟೇಜ್ ಏರಿಸಿ, ಪರದೆಯ ಮೇಲೆ ಚಿತ್ರ ಬಂತು. ಬೂದು ಬಣ್ಣದ, ಮಸುಕು ಚಿತ್ರ. ಚಪ್ಪಾಳೆ ತಟ್ಟಿದೆವು. ಚಪ್ಪಾಳೆಯ ಹೊತ್ತಿಗೇ ಚಿತ್ರದಲ್ಲಿ ಅಡ್ಡ ಗೆರೆಗಳು ಹಾದುಹೋದವು. ಎಂಜಿನಿಯರ್ ನಕ್ಕು ಹೇಳಿದರು, ಇನ್ನು ಮೇಲೆ ಇಲ್ಲಿ ಯಾರೂ ಚಪ್ಪಾಳೆ ತಟ್ಟಬೇಡಿ ಅಂತ.

ಪರೀಕ್ಷೆಗೆ ಬಳಸುವುದು ಇಂಗಾಲದ ಮೇಲೆ ಕೂತ ಚಿನ್ನದ ಕಣಗಳನ್ನು. 15 ಕಿಲೋವೋಲ್ಟಿನಲ್ಲಿ 1 ನ್ಯಾನೋಮೀಟರ್ ಆಸುಪಾಸಿನ ಸಂದು ಬಿಡಿಸಿ ಕಾಣಬೇಕು. ಫೋಕಸ್ ಹಿಂದೆ ಮುಂದೆ ಮಾಡಿದಾಗ ಕಣಗಳು ಒಂದು ಕಡೆಗೆ ಎಳೆದುಕೊಂಡರೆ ಎಲೆಕ್ಟ್ರಾನ್ ಕಿರಣ ದುಂಡಗಿಲ್ಲ ಅಂತ ಅರ್ಥ, ಎರಡು ಗುಂಡಿ ತಿರುಗಿಸಿ ಸರಿ ಮಾಡಬೇಕು. ಅದು ಕೈ ಪಳಗಬೇಕಾದ ಕೆಲಸ. ಸರಿಯೂ ಆಯಿತು. ಆದರೆ ಎರಡು ಲಕ್ಷ ಪಟ್ಟು ದೊಡ್ಡದು ಮಾಡಿದಾಗ ಪ್ರತಿ ಕಣದ ಅಂಚಿನಲ್ಲೂ ಗರಗಸದ ಹಲ್ಲು ಕಾಣುತ್ತಿತ್ತು. ಎಸಿ ಆಫ್ ಮಾಡಿದರು, ಹಾಗೇ ಇತ್ತು. ನಾವೆಲ್ಲ ಹೊರಗೆ ಹೋದೆವು, ಹಾಗೇ ಇತ್ತು. ಹಲ್ಲುಗಳ ಅಂತರ ಲೆಕ್ಕ ಹಾಕಿದರೆ ಸೆಕೆಂಡಿಗೆ ಸರಿಯಾಗಿ 50. ಅಂದರೆ ಕರೆಂಟ್.

ರೈಲಿನ ಮೇಲೆ ಎಲ್ಲರಿಗೂ ಅನುಮಾನ. ರೈಲು ಇಲ್ಲದ ಹೊತ್ತಿನಲ್ಲೂ ಹಲ್ಲು ಇತ್ತು. ಕ್ಷೇತ್ರವನ್ನು ರದ್ದು ಮಾಡುವ ಸುರುಳಿಗಳನ್ನು ಕೋಣೆಯ ಸುತ್ತ ಹಾಕಿಸಿ ಅಂತ ಸಲಹೆ ಬಂತು. ಮತ್ತೆ ಲಕ್ಷಗಟ್ಟಲೆ ಖರ್ಚು. ಆಗ ನಮ್ಮ ಉಪ್ಪಳದ ಎಲೆಕ್ಟ್ರಿಷಿಯನ್, “ಸ್ವಲ್ಪ ನಿಲ್ಲಿ” ಅಂತ ಹೇಳಿ ಕ್ಲಾಂಪ್ ಮೀಟರ್ ತಂದರು. ಕೋಣೆಯ ಹಿಂದಿನ ಗೋಡೆಯಲ್ಲಿ ಇಡೀ ಕಟ್ಟಡಕ್ಕೆ ಹೋಗುವ ಕೇಬಲ್ ಉಂಟು. ಮೂರು ಫೇಸ್, ಒಂದು ನ್ಯೂಟ್ರಲ್, ನಾಲ್ಕನ್ನೂ ಒಟ್ಟಿಗೆ ಮೀಟರಿನ ಬಾಯಲ್ಲಿ ಹಿಡಿದರೆ ಸೊನ್ನೆ ತೋರಿಸಬೇಕು. ಹೋದ ಕರೆಂಟೆಲ್ಲ ಅದೇ ದಾರಿಯಲ್ಲಿ ವಾಪಸ್ ಬರುತ್ತದಲ್ವಾ? ಹೋಗುವುದೂ ಬರುವುದೂ ಜೊತೆಯಲ್ಲಿದ್ದರೆ ಕ್ಷೇತ್ರ ಒಂದನ್ನೊಂದು ಕಳೆದುಕೊಳ್ಳುತ್ತದೆ. ಮೀಟರ್ ಸೊನ್ನೆ ತೋರಿಸಲಿಲ್ಲ. ಕೆಲವು ಆಂಪಿಯರ್ ಬೇರೆಲ್ಲೋ ದಾರಿ ಹಿಡಿದು ವಾಪಸ್ ಹೋಗುತ್ತಿತ್ತು.

ಒಂದೊಂದೇ ಸರ್ಕ್ಯೂಟ್ ಆಫ್ ಮಾಡುತ್ತಾ ಹುಡುಕಿದರು. ಹಳೆಯ ಅಕ್ವೇರಿಯಂ ಕೋಣೆಯ ಬೋರ್ಡಿನಲ್ಲಿ ಯಾವ ಕಾಲದಲ್ಲೋ ಯಾರೋ ನ್ಯೂಟ್ರಲನ್ನೂ ಅರ್ಥ್ ತಂತಿಯನ್ನೂ ಒಂದೇ ಸ್ಕ್ರೂಗೆ ಕಟ್ಟಿದ್ದರು. ಅಲ್ಲಿನ ಪಂಪ್‌ಗಳ ಕರೆಂಟ್ ಅರ್ಧ ನ್ಯೂಟ್ರಲ್‌ನಲ್ಲಿ, ಅರ್ಧ ಕಟ್ಟಡದ ಅರ್ಥ್ ಪಟ್ಟಿಯಲ್ಲಿ ವಾಪಸ್ ಬರುತ್ತಿತ್ತು. ಅಷ್ಟು ದೊಡ್ಡ ಸುತ್ತಿನ ಒಳಗೇ ನಮ್ಮ ಯಂತ್ರ ಕೂತಿತ್ತು. ಸ್ಕ್ರೂ ಬಿಚ್ಚಿ ಎರಡನ್ನೂ ಬೇರೆ ಮಾಡಿದರು. ಇಲ್ಲಿ ಪರದೆಯ ಮುಂದೆ ಕೂತಿದ್ದ ಎಂಜಿನಿಯರ್ “ಹೋಯಿತು, ಹೋಯಿತು!” ಅಂತ ಕೂಗಿದರು. ಕೂಗಿದ್ದೂ ಚಿತ್ರದಲ್ಲಿ ಬಂತು. ಸುರುಳಿಗಳ ಖರ್ಚು ಉಳಿಯಿತು. ಇಂಥ ಯಂತ್ರ ಕೂರಿಸುವವರಿಗೆ ನನ್ನ ಕಡೆಯಿಂದ ಒಂದೇ ಮಾತು ಬೇಕಾದರೆ, ಕೋಣೆಗೆ ಬಣ್ಣ ಬಳಿಯುವ ಮೊದಲು ಇಡೀ ಕಟ್ಟಡದ ನ್ಯೂಟ್ರಲ್ ನೋಡಿಸಿ.

ಎಸಿಯ ಗಾಳಿ ನೇರ ಯಂತ್ರದ ಮೇಲೆ ಬೀಳದಂತೆ ಬಟ್ಟೆಯ ಡಕ್ಟ್ ಹಾಕಿದ್ದಾಯಿತು. ಪರೀಕ್ಷೆ ಪಾಸಾಯಿತು, ಕಾಗದಗಳಿಗೆ ಸಹಿ ಆಯಿತು. ಉದ್ಘಾಟನೆಯ ಬಗ್ಗೆ ಬರೆಯಲಿಕ್ಕೆ ಏನಿಲ್ಲ, ಎಲ್ಲ ಉದ್ಘಾಟನೆಗಳ ಹಾಗೆಯೇ ತಡವಾಗಿ ಶುರುವಾಯಿತು.

ನಮ್ಮ ಮೊದಲ ಸ್ವಂತ ಸ್ಯಾಂಪಲ್ ಶಿರಿಯ ಹೊಳೆ ಕಡಲು ಸೇರುವಲ್ಲಿ ಬಲೆ ಎಳೆದು ತಂದ ನೀರು. ಕಡಲ ಸ್ಯಾಂಪಲ್‌ನ ಶತ್ರು ಉಪ್ಪು. ಹಾಗೇ ಒಣಗಿಸಿದರೆ ಡಯಾಟಮ್ ಕಾಣುವುದೇ ಇಲ್ಲ, ಉಪ್ಪಿನ ಹರಳುಗಳ ಗುಡ್ಡ ಕಾಣುತ್ತದೆ. ಗಾಜಿನ ಚಿಪ್ಪು ಮಾತ್ರ ಬೇಕಾದರೆ ಸುಲಭ: ಆಮ್ಲ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಒಳಗಿನ ಜೀವದ್ರವ್ಯವನ್ನು ಸುಟ್ಟು, ಶುದ್ಧ ನೀರಲ್ಲಿ ಮತ್ತೆ ಮತ್ತೆ ತೊಳೆದು, ಸಣ್ಣ ರಂಧ್ರದ ಫಿಲ್ಟರ್ ಮೇಲೆ ಒಣಗಿಸಿ, ಚಿನ್ನ ಅಥವಾ ಪ್ಲಾಟಿನಂನ ಕೆಲವು ನ್ಯಾನೋಮೀಟರ್ ತೆಳು ಲೇಪ ಕೊಟ್ಟರೆ ಆಯಿತು. ಲೇಪ ಇಲ್ಲದಿದ್ದರೆ ಎಲೆಕ್ಟ್ರಾನ್‌ಗಳು ಮೇಲೆಯೇ ಸೇರಿ ಚಿತ್ರ ಬೆಳ್ಳಗೆ ಹೊಳೆಯುತ್ತದೆ.

ಮೈ ಮೆತ್ತಗಿರುವ ಜೀವಿಗಳಾದರೆ ಕಷ್ಟ. ಕೋಪಿಪಾಡ್ ಎಂಬ ಸೀಗಡಿ ಬಳಗದ ಸಣ್ಣ ಜೀವಿ, ಪಚ್ಚಿಲೆಯ ಮರಿ ಲಾರ್ವಾ, ಇವನ್ನು ಮೊದಲು ಗ್ಲುಟರಾಲ್ಡಿಹೈಡ್‌ನಲ್ಲಿ ಆಕಾರ ಕೆಡದಂತೆ ಸ್ಥಿರ ಮಾಡಬೇಕು, ಅದೂ ಕಡಲ ನೀರಿನಷ್ಟೇ ಸಾಂದ್ರತೆಯ ದ್ರಾವಣದಲ್ಲಿ. ಇಲ್ಲದಿದ್ದರೆ ಉಬ್ಬುತ್ತವೆ, ಇಲ್ಲವೇ ಸುಕ್ಕಾಗುತ್ತವೆ. ಆಮೇಲೆ 30, 50, 70, 90, 100 ಶೇಕಡಾ ಆಲ್ಕೋಹಾಲ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರು ತೆಗೆದು, ಕೊನೆಗೆ ಇಂಗಾಲದ ಡೈ ಆಕ್ಸೈಡ್‌ನಲ್ಲಿ ಒಣಗಿಸುವುದು. ಆ ಅನಿಲವನ್ನು 31 ಡಿಗ್ರಿ ದಾಟಿಸಿ, 74 ಬಾರ್ ಒತ್ತಡಕ್ಕೆ ತಂದರೆ ದ್ರವ, ಅನಿಲ ಎಂಬ ಭೇದವೇ ಇರುವುದಿಲ್ಲ. ನೀರಿನ ಮೇಲ್ಮೈ ಎಳೆದು ಸಣ್ಣ ಕೂದಲುಗಳನ್ನು ಮಡಚುವ ಪ್ರಶ್ನೆ ಬರುವುದಿಲ್ಲ.

ಶಿರಿಯದ ಸ್ಯಾಂಪಲ್‌ನಲ್ಲಿ ಮೊದಲು ಸಿಕ್ಕಿದ್ದು ಕಾಸಿನೋಡಿಸ್ಕಸ್, ದುಂಡಗಿನ ದೊಡ್ಡ ಡಯಾಟಮ್. ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ನಾನು ಎಷ್ಟೋ ವರ್ಷದಿಂದ ನೋಡುತ್ತಾ ಬಂದದ್ದೇ. ಚುಕ್ಕಿಗಳ ಸಾಲು ಅಂತ ಅಂದುಕೊಂಡದ್ದು ಆರು ಮೂಲೆಯ ಕೋಣೆಗಳು. ಪ್ರತಿ ಕೋಣೆಗೂ ಒಂದು ಜಾಲರಿ, ಆ ಜಾಲರಿಯ ಪ್ರತಿ ಕಣ್ಣಿನಲ್ಲೂ ಇನ್ನೂ ಸಣ್ಣ ತೂತುಗಳು. ಆ ಸಣ್ಣ ತೂತಿನ ಅಂಚೂ ಸರಿಯಾಗಿ ಕಾಣುತ್ತಿತ್ತು. ಮೇಲಕ್ಕೆ ಮೇಲಕ್ಕೆ ದೊಡ್ಡದು ಮಾಡುತ್ತಾ ಹೋದೆ, ಊಟದ ಹೊತ್ತು ದಾಟಿದ್ದೇ ಗೊತ್ತಾಗಲಿಲ್ಲ.

ಸೂಡೋ-ನಿಟ್ಷಿಯಾ ಆ ನೀರಲ್ಲೂ ಇತ್ತು. ಚಿಪ್ಪಿನ ಮೇಲೆ 10 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲಿ ಒಂದು ಪಾಲು) ಉದ್ದದಲ್ಲಿ ಎಷ್ಟು ಗೆರೆ, ಪ್ರತಿ ಗೆರೆಯಲ್ಲಿ ಒಂದು ಸಾಲು ತೂತೋ ಎರಡೋ, ನಡುವೆ ದೊಡ್ಡ ಸಂದು ಉಂಟೋ ಇಲ್ಲವೋ, ಇಷ್ಟನ್ನು ಎಣಿಸಿ ಬರೆಯುವ ಕೆಲಸ ಈಗ ನಡೆಯುತ್ತಿದೆ. ಹೆಸರು ಗೊತ್ತಾದ ಕೂಡಲೇ ವಿಷ ಉಂಟು ಅಂತ ಆಗುವುದಿಲ್ಲ, ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಬೇಕು. ಆದರೆ ಯಾವುದನ್ನು ಪರೀಕ್ಷೆಗೆ ಕಳಿಸಬೇಕು ಅಂತ ಇನ್ನು ಇಲ್ಲೇ ಕೂತು ಹೇಳಬಹುದು.

ಜೂನ್ 9ರಿಂದ ಜುಲೈ ಕೊನೆಯವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ. ಆ ದಿನಗಳಲ್ಲಿ ದೊಡ್ಡ ಬೋಟ್‌ಗಳವರು ತಂದುಕೊಡುವ ಹೊರಗಡಲಿನ ನೀರು ಸಿಗುವುದಿಲ್ಲ, ಹೊಳೆಬಾಯಿಗಳದ್ದೇ ಗತಿ. ಮಳೆ ಮುಗಿದು ಪಡನ್ನದವರು ಹಗ್ಗಕ್ಕೆ ಪಚ್ಚಿಲೆ ಮರಿ ಕಟ್ಟಲು ಶುರು ಮಾಡಿದ ಮೇಲೆ ಅಲ್ಲಿನ ನೀರು ವಾರವಾರ ಬರಬೇಕು ಅಂತ ಮಾತಾಗಿದೆ. ಸ್ಯಾಂಪಲ್ ಕೆಡದಂತೆ ಲುಗಾಲ್ ಅಯೋಡಿನ್ ಹಾಕಿದ ಕಂದು ಬಾಟಲಿಗಳನ್ನು ಅವರಿಗೆ ಕೊಟ್ಟು ಬಂದಿದ್ದೇನೆ. ಬಿಸಿಲಿಗೆ ಇಡಬೇಡಿ, ತುಂಬಿದ ತಾರೀಖು ಬರೆಯಿರಿ ಅಂತ ಎರಡೆರಡು ಸಲ ಹೇಳಿದೆ. ಅವರಲ್ಲಿ ಒಬ್ಬರು, ತಾರೀಖಿನ ಜೊತೆ ಉಬ್ಬರವೋ ಇಳಿತವೋ ಅಂತಲೂ ಬರೆಯಬೇಡವಾ ಅಂತ ಕೇಳಿದರು. ಬರೆಯಬೇಕು. ಲೇಬಲ್‌ಗೆ ಆ ಸಾಲನ್ನೂ ಸೇರಿಸಿ ಮತ್ತೆ ಪ್ರಿಂಟ್ ಮಾಡಿಸುತ್ತಿದ್ದೇನೆ.